‘ಸೂರ್ಯನನ್ನು ನೀನು ನೋಡಿದ್ಯಾ?’ ಅಂತ ಮಗು ಕೇಳಿದರೆ

ಪ್ರಶ್ನೆ: ಟೀಚರ್, ನಮ್ಮ ಮನೆ ಕೊಡಗಿನ ಗಾಳಿಬೀಡಿನ ಕಡೆ. ಮಗಳಿಗೆ 9 ವರ್ಷ, ಮಗನಿಗೆ 5. ಈ ಸಲ ಕಕ್ಕಡದಲ್ಲಿ (ಜುಲೈ–ಆಗಸ್ಟಿನ ಜಡಿಮಳೆಯ ತಿಂಗಳು) ಎರಡು ವಾರ ಬಿಸಿಲಿನ ಮುಖವೇ ಕಾಣಲಿಲ್ಲ. ‘ಅಮ್ಮಾ, ಸೂರ್ಯ ಸತ್ತುಹೋದನಾ?’ ಅಂತ ಮಗ ಕೇಳಿದ. ಇಲ್ಲ ಕಂದಾ, ಮೋಡದ ಹಿಂದೆ ಇದ್ದಾನೆ ಅಂದೆ. ‘ನೀನು ನೋಡಿದ್ಯಾ?’ ಅಂದ. ನನಗೆ ಮಾತೇ ಹೊರಡಲಿಲ್ಲ. ಪುಸ್ತಕದ ಚಿತ್ರ ತೋರಿಸಿದೆ, ಮೊಬೈಲ್‌ನಲ್ಲಿ ವಿಡಿಯೋ ತೋರಿಸಿದೆ. ಅವನಿಗೆ ಸಮಾಧಾನ ಆಗಲಿಲ್ಲ. ಮಗಳು ‘ಸೂರ್ಯ ಒಂದು ನಕ್ಷತ್ರ, ನಮಗೆ ಬೆಳಕು ಮತ್ತು ಶಾಖ ಕೊಡುತ್ತದೆ’ ಅಂತ ಬಾಯಿಪಾಠ ಒಪ್ಪಿಸುತ್ತಾಳೆ, ಆದರೆ ಅವಳಿಗೂ ಅರ್ಥವಾಗಿದೆ ಅಂತ ನನಗೆ ಅನ್ನಿಸುವುದಿಲ್ಲ. ಮಕ್ಕಳಿಗೆ ಸೂರ್ಯನನ್ನು ಹೇಗೆ ಪರಿಚಯ ಮಾಡಿಸಬೇಕು? ಸೌರಮಂಡಲದ ಮಾದರಿಯ ಸೆಟ್ ತರಿಸಲಾ?

ಉತ್ತರ: ನಿಮ್ಮ ಮಗ ಕೇಳಿದ ಎರಡನೇ ಪ್ರಶ್ನೆ ಮೊದಲನೆಯದಕ್ಕಿಂತ ದೊಡ್ಡದು. ‘ನೀನು ನೋಡಿದ್ಯಾ?’ ಅಂದರೆ ಅವನು ಸಾಕ್ಷಿ ಕೇಳುತ್ತಿದ್ದಾನೆ. ನಾನು 30 ವರ್ಷಕ್ಕಿಂತ ಜಾಸ್ತಿ ಇದೇ ಜಿಲ್ಲೆಯ ಶಾಲೆಗಳಲ್ಲಿ ವಿಜ್ಞಾನ ಹೇಳಿಕೊಟ್ಟಿದ್ದೇನೆ. ಸಾಕ್ಷಿ ಕೇಳುವ ಮಗು ಸಿಕ್ಕಿದರೆ ಆ ದಿನವೆಲ್ಲ ನನಗೆ ಹಬ್ಬ. ಆ ಪ್ರಶ್ನೆಯನ್ನು ಸುಮ್ನೆ ಬಿಡಬೇಡಿ.

ಮೊದಲನೇ ಪ್ರಶ್ನೆಯಲ್ಲೂ ಅವನ ತಪ್ಪಿಲ್ಲ. ನಾವು ಮಾತಾಡುವುದನ್ನು ಕೇಳಿಸಿಕೊಳ್ಳಿ. ಬೆಳಿಗ್ಗೆ ಸೂರ್ಯ ‘ಹುಟ್ಟಿದ’ ಅನ್ನುತ್ತೇವೆ. ಸಂಜೆ ‘ಮುಳುಗಿದ’ ಅನ್ನುತ್ತೇವೆ. ಹುಟ್ಟುವವನು ಒಂದು ದಿನ ಸಾಯಬೇಕಲ್ವಾ ಅಂತ ಮಗು ತನ್ನಷ್ಟಕ್ಕೆ ಲೆಕ್ಕ ಹಾಕಿದೆ. ಎರಡು ವಾರ ಕಾಣದೇ ಹೋದರೆ ಇನ್ನೇನು ತಿಳಿದುಕೊಳ್ಳಬೇಕು ಅದು?

ನಾಳೆ ಹೀಗೆ ಮಾಡಿ. ಬೆಳಿಗ್ಗೆ ಐದೂವರೆಗೆ ಅವನನ್ನು ಎಬ್ಬಿಸಿ ಜಗಲಿಗೆ ಕರೆದುಕೊಂಡು ಬನ್ನಿ. ಲೈಟ್ ಹಾಕಬೇಡಿ. ಎದುರಿನ ಕಾಫಿ ಗಿಡ ಕಾಣುತ್ತಾ ಅಂತ ಕೇಳಿ. ಕಾಣುವುದಿಲ್ಲ. ಇಬ್ಬರೂ ಒಂದೇ ಕಂಬಳಿ ಹೊದ್ದುಕೊಂಡು ಕೂತಿರಿ. ಮಳೆ ಸುರಿಯುತ್ತಲೇ ಇರುತ್ತದೆ. ಸ್ವಲ್ಪ ಹೊತ್ತಿಗೆ ಗಿಡದ ಆಕಾರ ಕಾಣುತ್ತದೆ, ಆಮೇಲೆ ಎಲೆ ಕಾಣುತ್ತದೆ, ಆರೂವರೆಯ ಹೊತ್ತಿಗೆ ಎಲೆಯ ಹಸಿರೂ ಕಾಣುತ್ತದೆ. ಆಗ ಕೇಳಿ: ‘ಲೈಟ್ ಹಾಕಿದ್ದು ಯಾರು?’

ಅಷ್ಟು ಸಾಕು. ಉತ್ತರ ನೀವು ಹೇಳಬೇಡಿ. ಅವನೇ ಹೇಳುತ್ತಾನೆ.

ನನ್ನ ಅನುಭವದಲ್ಲಿ ಸೂರ್ಯನ ಪಾಠ ಕೆಡುವುದು ಒಂದೇ ಕಾರಣಕ್ಕೆ. ನಾವು ಸೂರ್ಯನನ್ನೇ ತೋರಿಸಲು ಹೊರಡುತ್ತೇವೆ. ಅವನನ್ನು ನೋಡಲು ಆಗುವುದಿಲ್ಲ, ನೋಡಲೂಬಾರದು. ಹಾಗಾಗಿ ಚಿತ್ರ ತೋರಿಸುತ್ತೇವೆ. ಹಳದಿ ಉಂಡೆ, ಸುತ್ತ ಗೆರೆಗಳು, ಒಂದು ನಗುಮುಖ. ಆ ಚಿತ್ರಕ್ಕೂ ಅಂಗಳದ ಬಿಸಿಲಿಗೂ ಏನು ಸಂಬಂಧ ಅಂತ ಮಗುವಿಗೆ ಗೊತ್ತಾಗುವುದಿಲ್ಲ. ಅದರ ಬದಲು ಅವನು ಮಾಡುವ ಕೆಲಸಗಳನ್ನು ಒಂದೊಂದಾಗಿ ತೋರಿಸುತ್ತಾ ಹೋಗಿ. ಕೊಡಗಿನಲ್ಲಿ ಅದಕ್ಕೆ ಬೇಕಾದ್ದೆಲ್ಲ ಮನೆಯಂಗಳದಲ್ಲೇ ಇದೆ. ಮಳೆಗಾಲವೂ ಅಡ್ಡಿಯಲ್ಲ. ನಿಜ ಹೇಳಬೇಕೆಂದರೆ ಶುರು ಮಾಡಲು ಮಳೆಗಾಲವೇ ಒಳ್ಳೆಯದು, ಯಾಕೆಂದರೆ ಈ ಮಳೆಯನ್ನು ತಂದವನೂ ಅವನೇ.

ಇದನ್ನು ಅಡುಗೆಮನೆಯಲ್ಲಿ ತೋರಿಸಬಹುದು. ಕಡಂಬುಟ್ಟು, ಅಂದರೆ ಅಕ್ಕಿ ತರಿಯ ಕಡುಬು, ಹಬೆಯಲ್ಲಿ ಬೇಯಿಸುವಾಗ ಮುಚ್ಚಳ ತೆಗೆದು ತಿರುಗಿಸಿ ಹಿಡಿಯಿರಿ. ಒಳಗಡೆ ಹನಿ ಹನಿ ನೀರು. ಕೆಳಗಿನ ನೀರು ಮೇಲೆ ಹೇಗೆ ಹೋಯಿತು ಅಂತ ಕೇಳಿ. ಒಲೆ ಬಿಸಿ ಮಾಡಿತು, ನೀರು ಹಬೆಯಾಗಿ ಎದ್ದಿತು, ತಣ್ಣನೆ ಮುಚ್ಚಳಕ್ಕೆ ತಾಗಿ ಮತ್ತೆ ನೀರಾಯಿತು. ಈಗ ಮಗಳನ್ನೂ ಕರೆಯಿರಿ. ಪಾತ್ರೆಯ ನೀರು ಅರಬ್ಬೀ ಸಮುದ್ರ. ಒಲೆ ಸೂರ್ಯ. ಮುಚ್ಚಳ ಇದ್ದಲ್ಲಿ ನಮ್ಮ ತಣ್ಣನೆಯ ಬೆಟ್ಟಗಳು. ಏಪ್ರಿಲ್, ಮೇ ತಿಂಗಳಲ್ಲಿ ಸೂರ್ಯ ನಮ್ಮ ದೇಶದ ನೆಲವನ್ನು ಸಮುದ್ರಕ್ಕಿಂತ ಬೇಗ, ಜಾಸ್ತಿ ಕಾಯಿಸುತ್ತಾನೆ. ಕಾದ ನೆಲದ ಮೇಲಿನ ಗಾಳಿ ಹಗುರಾಗಿ ಮೇಲೇಳುತ್ತದೆ. ಆ ಜಾಗ ತುಂಬಲು ಸಮುದ್ರದ ಕಡೆಯಿಂದ ಹಸಿ ಗಾಳಿ ನುಗ್ಗುತ್ತದೆ. ಅದಕ್ಕೆ ಪಶ್ಚಿಮ ಘಟ್ಟ ಅಡ್ಡ ಸಿಗುತ್ತದೆ. ಗಾಳಿ ಬೆಟ್ಟ ಹತ್ತಲೇಬೇಕು. ಹತ್ತುತ್ತಾ ತಣ್ಣಗಾಗುತ್ತದೆ, ಹೊತ್ತು ತಂದ ನೀರನ್ನು ನಮ್ಮ ಮೇಲೆ ಸುರಿಸುತ್ತದೆ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುತ್ತದೆ. ಅಷ್ಟೂ ನೀರನ್ನು ಸಮುದ್ರದಿಂದ ಎತ್ತಿದ್ದು ಬಿಸಿಲು. ಕಾವೇರಿಯನ್ನು ತುಂಬಿಸಿದ್ದೂ ಅದೇ ನೀರು. ಒಂಬತ್ತು ವರ್ಷದ ಹುಡುಗಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಐದು ವರ್ಷದವನಿಗೆ ಮುಚ್ಚಳದ ಹನಿ ಸಾಕು.

ಒಂದು ಭಾನುವಾರ ಸಾಧ್ಯವಾದರೆ ಬಸ್ಸು ಹತ್ತಿ ಕುಶಾಲನಗರಕ್ಕೆ ಹೋಗಿಬನ್ನಿ. ಮಡಿಕೇರಿಯಿಂದ ಸುಮಾರು 30 ಕಿಲೋಮೀಟರ್, ಅಷ್ಟೇ. ಮಂಜಿನಲ್ಲಿ ಹೊರಟು, ಸುಂಟಿಕೊಪ್ಪ ದಾಟಿ, ಆನೆಕಾಡು ಇಳಿಯುವಾಗ ಆಕಾಶ ತೆಳ್ಳಗಾಗುವುದನ್ನು ನಾವೆಲ್ಲ ಎಷ್ಟು ಸಲ ನೋಡಿಲ್ಲ! ಅಲ್ಲಿ ಬೀಳುವ ಮಳೆ ಮಡಿಕೇರಿಯ ಅರ್ಧವೂ ಇಲ್ಲ. ಬಸ್ಸಿನ ಕಿಟಕಿಯಿಂದ ಮೊದಲ ಬಿಸಿಲು ಮಗನ ತೊಡೆಯ ಮೇಲೆ ಬೀಳಲಿ. ಸೂರ್ಯ ಎಲ್ಲೂ ಹೋಗಿರಲಿಲ್ಲ, ನಮ್ಮ ತಲೆಯ ಮೇಲೆ ಮುಚ್ಚಳ ಇತ್ತು ಅಂತ ಅವನಿಗೇ ತಿಳಿಯುತ್ತದೆ.

ಮನೆಯೊಳಗೆ ಮಾಡುವ ಇನ್ನೊಂದು ಕೆಲಸ ಇದೆ. ಒಂದು ಹಿಡಿ ಹೆಸರುಕಾಳು ನೆನೆಹಾಕಿ. ಮೊಳಕೆ ಬಂದ ಮೇಲೆ ಎರಡು ತಟ್ಟೆಯಲ್ಲಿ ಒದ್ದೆ ಬಟ್ಟೆ ಹಾಸಿ ಹರಡಿ. ಒಂದು ಕಿಟಕಿಯ ಹತ್ತಿರ, ಇನ್ನೊಂದು ಬೀರುವಿನೊಳಗೆ. ಎರಡಕ್ಕೂ ಮಗನೇ ನೀರು ಚಿಮುಕಿಸಲಿ. ಒಂದು ವಾರದಲ್ಲಿ ಬೀರುವಿನವು ಉದ್ದುದ್ದ, ಬಿಳಿಚಿಕೊಂಡು, ಹಳದಿಯಾಗಿ ಬೆಳೆದಿರುತ್ತವೆ. ಕಿಟಕಿಯವು ಗಿಡ್ಡ, ಆದರೆ ಹಸಿರು. ಬೀರುವಿನವು ಯಾಕೆ ಅಷ್ಟು ಉದ್ದ ಬೆಳೆದವು ಅಂತ ಮಕ್ಕಳು ಆಶ್ಚರ್ಯಪಡುತ್ತಾರೆ. ಅವು ಬೆಳಕು ಹುಡುಕುತ್ತಾ ಹೋಗಿವೆ. ಕಾಳಿನೊಳಗಿನ ಬುತ್ತಿ ಮುಗಿದ ಮೇಲೆ ಸೋತು ಬೀಳುತ್ತವೆ. ಕಿಟಕಿಯವು ಮಾತ್ರ ತಮ್ಮ ಊಟ ತಾವೇ ಮಾಡಿಕೊಳ್ಳಲು ಶುರು ಮಾಡಿವೆ. ಗಾಳಿ, ನೀರು, ಬೆಳಕು ಸೇರಿಸಿ ಎಲೆ ಸಕ್ಕರೆ ಮಾಡುತ್ತದೆ. ನಿಮ್ಮ ಮಗನಿಗೆ ಇದು ಎರಡನೇ ಸಾಕ್ಷಿ. ಮೋಡದ ಹಿಂದೆ ಇದ್ದುಕೊಂಡೇ ಸೂರ್ಯ ಆ ಪುಟ್ಟ ಗಿಡಗಳಿಗೆ ಊಟಕ್ಕೆ ದಾರಿ ಮಾಡಿದ್ದಾನೆ.

ಅಲ್ಲಿಂದ ಒಲೆಗೆ ಬನ್ನಿ. ಕಕ್ಕಡದಲ್ಲಿ ಯೂನಿಫಾರ್ಮ್ ಒಣಗಿಸುವುದು ಬಚ್ಚಲ ಒಲೆಯ ಹತ್ತಿರವೇ ಅಲ್ವಾ? ಆ ಸೌದೆ ಮೊದಲು ಏನಾಗಿತ್ತು ಅಂತ ಕೇಳಿ. ಮರ. ಮರ ಏನು ತಿಂದು ಬೆಳೆಯಿತು? ಹೆಸರುಕಾಳಿನ ಹಾಗೆ ಬೆಳಕಿನಿಂದ. ಹಾಗಾದರೆ ಒಲೆಯಿಂದ ಈಗ ಬರುತ್ತಿರುವ ಬಿಸಿ ಯಾವತ್ತೋ ಬಿದ್ದ ಬಿಸಿಲು. ಮರ ಅದನ್ನು ವರ್ಷಗಟ್ಟಲೆ ಕೂಡಿಟ್ಟಿತ್ತು. ಒಂದು ತರಗತಿಯಲ್ಲಿ ಇದನ್ನು ಹೇಳಿದಾಗ ಒಬ್ಬ ಹುಡುಗ ತುಂಬಾ ಹೊತ್ತು ಸುಮ್ಮನಿದ್ದು, ‘ಟೀಚರ್, ಹಾಗಾದರೆ ಅನ್ನವೂ ಬಿಸಿಲೇನಾ?’ ಅಂದ. ಹೌದು ಅಂದೆ. ಕೋಳಿ? ಕೋಳಿ ತಿಂದ ಭತ್ತ. ಹಂದಿ? ಹಂದಿ ತಿಂದ ಗೆಡ್ಡೆ, ಸೊಪ್ಪು. ಅರ್ಧ ಗಂಟೆ ಅವರು ನನ್ನನ್ನು ಬಿಡಲಿಲ್ಲ. ಸೂರ್ಯನಿಂದ ಬರದ ಊಟ ಒಂದಾದರೂ ಇದೆಯಾ ಅಂತ ಇಡೀ ತರಗತಿ ಹುಡುಕಿತು. ಕೊನೆಗೆ ಉಪ್ಪು ಸಿಕ್ಕಿತು. ಅದನ್ನು ಒಣಗಿಸಿದ್ದೂ ಬಿಸಿಲೇ ಅಂತ ಇನ್ನೊಬ್ಬಳು ವಾದಕ್ಕೆ ನಿಂತಳು.

ರಾತ್ರಿ ಕರೆಂಟ್ ಹೋದಾಗ ಬೇಸರ ಮಾಡಿಕೊಳ್ಳಬೇಡಿ. ಒಂದು ಕಿತ್ತಳೆ ಹಣ್ಣು, ಒಂದು ಟಾರ್ಚ್ ತನ್ನಿ. ಹಣ್ಣಿಗೆ ಒಂದು ಲವಂಗ ಚುಚ್ಚಿ. ಅದು ನಮ್ಮ ಮನೆ. ಮಗಳು ಟಾರ್ಚ್ ಹಿಡಿದು ಒಂದೇ ಕಡೆ ನಿಲ್ಲಲಿ, ಮಗ ಹಣ್ಣನ್ನು ತೊಟ್ಟು ಮೇಲೆ ಮಾಡಿ ನಿಧಾನವಾಗಿ ತಿರುಗಿಸಲಿ. ಲವಂಗ ಬೆಳಕಿಗೆ ಬರುತ್ತದೆ, ಮತ್ತೆ ಕತ್ತಲಿಗೆ ಹೋಗುತ್ತದೆ. ಟಾರ್ಚ್ ಎಲ್ಲೂ ಹೋಗಲಿಲ್ಲ, ಆರಲೂ ಇಲ್ಲ. ‘ರಾತ್ರಿ ಸೂರ್ಯ ಎಲ್ಲಿಗೆ ಹೋಗುತ್ತಾನೆ’ ಅನ್ನುವ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಗೊತ್ತಿಲ್ಲ. ಹುಟ್ಟುವುದು, ಮುಳುಗುವುದು ಅನ್ನುವ ಮಾತನ್ನು ಬಿಡಬೇಕಾಗಿಲ್ಲ. ನಾವು ತಿರುಗುತ್ತಿದ್ದೇವೆ ಅಂತ ಒಮ್ಮೆ ಕಂಡ ಮಗು ಆ ಮಾತನ್ನು ಸರಿಯಾಗಿಯೇ ಅರ್ಥ ಮಾಡಿಕೊಳ್ಳುತ್ತದೆ.

ಮಳೆ ಬಿಟ್ಟ ಮೇಲೆ ಕೊಡಗಿನ ಮಕ್ಕಳಿಗೆ ಸಿಗುವ ಪಾಠಶಾಲೆ ಬೇರೆ ಯಾರಿಗೂ ಇಲ್ಲ. ಅದು ಕಾಫಿ ಕಣ. ಡಿಸೆಂಬರ್, ಜನವರಿಯಲ್ಲಿ ಮನೆಯ ದೊಡ್ಡವರೆಲ್ಲ ಆಕಾಶ ನೋಡಿಕೊಂಡೇ ಇರುತ್ತಾರೆ. ಬೆಳಿಗ್ಗೆ ಹರಡುವುದು, ಮಧ್ಯೆ ಮಧ್ಯೆ ಕೈಯಾಡಿಸುವುದು, ಸಂಜೆ ಗುಡ್ಡೆ ಮಾಡಿ ಟಾರ್ಪಾಲ್ ಮುಚ್ಚುವುದು. ಒಂದು ಅಕಾಲ ಮಳೆ ಬಂದರೆ ಮನೆಯೇ ಮಂಕಾಗುತ್ತದೆ. ಬಿಸಿಲಿನ ಮಹತ್ವ ಏನು ಅಂತ ಮಕ್ಕಳಿಗೆ ಪುಸ್ತಕದಿಂದ ಹೇಳುವ ನಾವು, ಇಷ್ಟು ದೊಡ್ಡ ಪಾಠ ಕಣ್ಣೆದುರು ನಡೆಯುವಾಗ ‘ಕಣಕ್ಕೆ ಬರಬೇಡ, ಕಾಫಿ ತುಳಿಯಬೇಡ’ ಅಂತ ಓಡಿಸುತ್ತೇವೆ. ನನಗೆ ಇದು ತುಂಬಾ ನೋವಿನ ವಿಷಯ.

ಕಣದ ಒಂದು ಮೂಲೆ ಅವರಿಗೆ ಕೊಡಿ. ಮಗಳು ಎರಡು ತಟ್ಟೆಯಲ್ಲಿ ಕಾಲು ಕಾಲು ಕಿಲೋ ಹಣ್ಣು ತೂಗಿ ಇಡಲಿ. ಒಂದು ಬಿಸಿಲಿಗೆ, ಒಂದು ಮನೆಯ ನೆರಳಿಗೆ. ಎರಡು ದಿನಕ್ಕೊಮ್ಮೆ ತೂಗಿ ಬರೆಯಲಿ. ಹೊಸದಾಗಿ ಕೊಯ್ದ ಹಣ್ಣಿನಲ್ಲಿ ಮೂರರಲ್ಲಿ ಸುಮಾರು ಎರಡು ಪಾಲು ನೀರೇ ಇರುತ್ತದೆ. ಚೆರ್ರಿ (ಸಿಪ್ಪೆ ಸಮೇತ ಒಣಗಿಸುವ ಕಾಫಿ ಹಣ್ಣು) ಸರಿಯಾಗಿ ಒಣಗಿತು ಅನ್ನುವಾಗ ಆ ನೀರು ಶೇಕಡ 11ರ ಆಸುಪಾಸಿಗೆ ಬಂದಿರುತ್ತದೆ. ಒಳ್ಳೆಯ ಬಿಸಿಲಿದ್ದರೆ ಎರಡು ವಾರ, ಸ್ವಲ್ಪ ಹೆಚ್ಚು ಕಡಿಮೆ. ತೂಕ ಅರ್ಧಕ್ಕಿಂತ ಕೆಳಗೆ ಇಳಿಯುತ್ತದೆ. ನೆರಳಿನ ತಟ್ಟೆ ಅಷ್ಟು ಹೊತ್ತಿಗೆ ಬೂಸ್ಟು ಹಿಡಿದಿರುತ್ತದೆ. ಚಿಕ್ಕವನಿಗೆ ತಕ್ಕಡಿ ಬೇಡ, ಕಿವಿ ಸಾಕು. ದಿನಾ ಒಂದು ಹಿಡಿ ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಲಿ. ಗಲಗಲ ಅಂತ ಶಬ್ದ ಬಂದ ದಿನ ಓಡಿ ಬಂದು ಹೇಳಲಿ. ಆ ನೀರು ಎಲ್ಲಿಗೆ ಹೋಯಿತು ಅಂತ ಆಗ ಕೇಳಿ. ಕಡಂಬುಟ್ಟಿನ ಮುಚ್ಚಳ ಅವನಿಗೆ ನೆನಪಿರುತ್ತದೆ.

ನೆರಳಿನ ಮಾತನ್ನೂ ಜೊತೆಗೇ ಹೇಳಬೇಕು. ಸೂರ್ಯ ಬೇಕು ಅಂದ ಮಾತ್ರಕ್ಕೆ ಜಾಸ್ತಿ ಇದ್ದಷ್ಟೂ ಒಳ್ಳೆಯದು ಅಂತಲ್ಲ. ಕಾಫಿ ಮೂಲದಲ್ಲಿ ಕಾಡಿನ ನೆರಳಿನ ಗಿಡ. ಅದಕ್ಕೇ ನಾವು ಹಾಲುವಾಣ, ಸಿಲ್ವರ್ ಓಕ್, ಹಲಸು ಬೆಳೆಸುತ್ತೇವೆ. ನೆರಳು ಜಾಸ್ತಿಯಾದರೆ ಮರಗಸಿ ಮಾಡಿ, ಅಂದರೆ ಮರದ ಕೊಂಬೆ ಕಡಿದು, ಬೆಳಕು ಬಿಡುತ್ತೇವೆ. ಎಷ್ಟು ಬಿಸಿಲು, ಎಷ್ಟು ನೆರಳು ಅಂತ ಅಳೆದು ಕೊಡುವುದು ನಮ್ಮ ತೋಟದವರ ದೊಡ್ಡ ವಿದ್ಯೆ. ಮರಗಸಿ ಮಾಡುವಾಗ ಮಗಳನ್ನು ಕರೆದುಕೊಂಡು ಹೋಗಿ, ದೂರ ನಿಂತು ನೋಡಲಿ. ಯಾವ ಕೊಂಬೆ ಕಡಿದರು, ಯಾವುದು ಬಿಟ್ಟರು, ಯಾಕೆ ಅಂತ ಕಡಿದವರನ್ನೇ ಕೇಳಲಿ.

ಅದೇ ಮರಗಳ ಕೆಳಗೆ ನಾನು ಅತ್ಯಂತ ಪ್ರೀತಿಯಿಂದ ತೋರಿಸುವ ಒಂದು ಸಂಗತಿ ಇದೆ. ಬಿಸಿಲಿರುವ ದಿನ ತೋಟದ ನೆಲ ನೋಡಿ. ಎಲೆಗಳ ಸಂದಿನಿಂದ ಬಿದ್ದ ಬೆಳಕಿನ ಚುಕ್ಕಿಗಳು ಇರುತ್ತವೆ. ಎಲೆಗಳ ಸಂದು ದುಂಡಗಿರುವುದಿಲ್ಲ. ಉದ್ದ, ಮೂರು ಮೂಲೆ, ಸೊಟ್ಟ, ಹೇಗೆ ಬೇಕಾದರೂ ಇರುತ್ತದೆ. ಆದರೆ ನೆಲದ ಚುಕ್ಕಿಗಳು ಮಾತ್ರ ದುಂಡಗೆ. ಯಾಕೆ? ಪ್ರತಿಯೊಂದು ಚುಕ್ಕಿಯೂ ಸೂರ್ಯನ ಚಿತ್ರ! ಸಣ್ಣ ಸಂದು ಕ್ಯಾಮೆರಾದ ತೂತಿನ ಹಾಗೆ ಕೆಲಸ ಮಾಡುತ್ತದೆ. ಸಂದು ಎಷ್ಟು ಎತ್ತರದಲ್ಲಿದೆಯೋ ಅದರ ನೂರರಲ್ಲಿ ಸುಮಾರು ಒಂದು ಪಾಲಿನಷ್ಟು ಅಗಲದ ಚಿತ್ರ ಬೀಳುತ್ತದೆ. 10 ಮೀಟರ್ ಎತ್ತರದಿಂದ ಬಂದರೆ ಸುಮಾರು 9 ಸೆಂಟಿಮೀಟರ್. ಬೆಳಿಗ್ಗೆ, ಸಂಜೆ ಬೆಳಕು ಓರೆಯಾಗಿ ಬೀಳುವುದರಿಂದ ಮೊಟ್ಟೆಯ ಆಕಾರ ಬರುತ್ತದೆ. ನಿಮ್ಮ ಮಗ ‘ನೀನು ನೋಡಿದ್ಯಾ’ ಅಂದನಲ್ಲ, ಈ ಚುಕ್ಕಿಯನ್ನು ಅವನ ಅಂಗೈ ಮೇಲೆ ಹಿಡಿಯಲು ಹೇಳಿ. ಸೂರ್ಯನ ಚಿತ್ರ ಅವನ ಕೈಯಲ್ಲೇ ಇರುತ್ತದೆ. ಇದನ್ನು ಎಷ್ಟು ಹೊತ್ತು ನೋಡಿದರೂ ಕಣ್ಣಿಗೆ ಏನೂ ಆಗುವುದಿಲ್ಲ.

ನಂಬಿಕೆ ಬಾರದಿದ್ದರೆ 2019ರ ಡಿಸೆಂಬರ್ 26 ನೆನಪಿಸಿಕೊಳ್ಳಿ. ಅವತ್ತು ಕಂಕಣ ಸೂರ್ಯಗ್ರಹಣ. ಕುಟ್ಟದ ಹತ್ತಿರ ಕಾಯಿಮಾನಿಯಲ್ಲಿ ನೋಡಲು ಎಲ್ಲೆಲ್ಲಿಂದಲೋ ಜನ ಬಂದಿದ್ದರು. ನಾನು ಆ ಕಡೆಯ ಒಂದು ತೋಟದಲ್ಲಿ ನೆಂಟರ ಮಕ್ಕಳ ಜೊತೆ ಇದ್ದೆ. ಬೆಳಿಗ್ಗೆ ಎಂಟೂವರೆಯಿಂದ ನೆಲದ ಚುಕ್ಕಿಗಳು ಒಂದೊಂದೂ ಕಚ್ಚಿದ ಬಿಸ್ಕತ್ತಿನ ಹಾಗಾದವು. ಆಮೇಲೆ ಕುಡುಗೋಲಿನ ಹಾಗೆ. ಒಂಬತ್ತೂವರೆಯ ಹತ್ತಿರ ಹತ್ತಿರ ಅವೆಲ್ಲ ಒಟ್ಟಿಗೆ ಉಂಗುರವಾದವು. ‘ನೆಲದ ತುಂಬಾ ಬಳೆ!’ ಅಂತ ಒಂದು ಹುಡುಗಿ ಕೂಗಿದಳು. ಕಂಕಣ ಅಂದರೆ ಬಳೆ ಅಂತ ಅವಳಿಗೆ ಯಾರೂ ಹೇಳಿರಲಿಲ್ಲ. ದಕ್ಷಿಣ ಭಾರತದಲ್ಲಿ ಮುಂದಿನ ಕಂಕಣ ಗ್ರಹಣ 2031ರ ಮೇ 21ಕ್ಕೆ, ಕೇರಳ ಮತ್ತು ತಮಿಳುನಾಡಿನ ಮೇಲೆ. ನಮಗೆ ಪಾರ್ಶ್ವ ಗ್ರಹಣ ಕಾಣಬೇಕು. ಆಗ ಮಕ್ಕಳನ್ನು ಒಳಗೆ ಕೂಡಿಹಾಕಬೇಡಿ. ಮರದ ಕೆಳಗೆ ಕರೆದುಕೊಂಡು ಹೋಗಿ.

ಒಂದು ಮಾತನ್ನು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಸೂರ್ಯನನ್ನು ನೇರವಾಗಿ ನೋಡಲು ಮಕ್ಕಳಿಗೆ ಯಾವತ್ತೂ ಹೇಳಬೇಡಿ. ಕಣ್ಣಿನ ಒಳಪದರಕ್ಕೆ ನೋವು ಗೊತ್ತಾಗುವುದಿಲ್ಲ. ಸುಟ್ಟರೂ ಆ ಕ್ಷಣಕ್ಕೆ ತಿಳಿಯುವುದಿಲ್ಲ, ಎಷ್ಟೋ ಗಂಟೆ ಕಳೆದ ಮೇಲೆ ಮಂಜು ಮಂಜಾಗಿ ಕಾಣಲು ಶುರುವಾಗುತ್ತದೆ. ಕೂಲಿಂಗ್ ಗ್ಲಾಸ್, ಎಕ್ಸ್‌ರೇ ಫಿಲ್ಮ್, ಮಸಿ ಹಿಡಿಸಿದ ಗಾಜು, ಬೋಗುಣಿಯ ನೀರಿನ ಪ್ರತಿಬಿಂಬ ಯಾವುದೂ ಸುರಕ್ಷಿತವಲ್ಲ. ತೆಳು ಮೋಡ, ಮಂಜಿನ ಹಿಂದೆ ಚಂದ್ರನ ಹಾಗೆ ಕಾಣುವ ಸೂರ್ಯನನ್ನೂ ದಿಟ್ಟಿಸುವುದು ಬೇಡ. ನಮ್ಮಲ್ಲಿ ಅಂಥ ಬೆಳಗುಗಳು ಜಾಸ್ತಿ, ಅದಕ್ಕೇ ಹೇಳಿದೆ.

ಈಗ ನನ್ನದೊಂದು ತಪ್ಪನ್ನು ಹೇಳಬೇಕು, ಯಾಕೆಂದರೆ ನಿಮ್ಮ ಮಗಳಿಗೆ ಅದು ಉಪಯೋಗಕ್ಕೆ ಬರುತ್ತದೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾಲ್ಕನೇ ತರಗತಿಗೆ ‘ಮಧ್ಯಾಹ್ನ 12 ಗಂಟೆಗೆ ಸೂರ್ಯ ನೆತ್ತಿಯ ಮೇಲೆ ಬರುತ್ತಾನೆ, ನೆರಳು ಕಾಲಡಿಗೆ ಬರುತ್ತದೆ’ ಅಂತ ಹೇಳಿದೆ. ಅದು ಡಿಸೆಂಬರ್ ತಿಂಗಳು. ಊಟದ ಬಿಡುವಿನಲ್ಲಿ ಒಂದು ಹುಡುಗಿ ನನ್ನ ಸೆರಗು ಹಿಡಿದು ಅಂಗಳಕ್ಕೆ ಕರೆದುಕೊಂಡು ಹೋದಳು. ‘ಟೀಚರ್, ನನ್ನ ನೆರಳು ಕಾಲಡಿಯಲ್ಲಿ ಇಲ್ಲ’ ಅಂದಳು. ಅವಳ ನೆರಳು ಉತ್ತರದ ಕಡೆಗೆ ಉದ್ದಕ್ಕೆ ಬಿದ್ದಿತ್ತು. ಅವಳು ಸರಿ, ನಾನು ತಪ್ಪು. ಕಂಡು ನೋಡದೆ ಪಾಠ ಹೇಳಿದ್ದೆ. ಡಿಸೆಂಬರ್ ಕೊನೆಯಲ್ಲಿ ಕೊಡಗಿನ ನಡುಮಧ್ಯಾಹ್ನ 4 ಅಡಿ ಎತ್ತರದ ಮಗುವಿನ ನೆರಳು 3 ಅಡಿಗೆ ಹತ್ತಿರ ಇರುತ್ತದೆ.

ಸೂರ್ಯ ನಿಜವಾಗಿ ನಮ್ಮ ನೆತ್ತಿಯ ಮೇಲೆ ಬರುವುದು ವರ್ಷಕ್ಕೆ ಎರಡೇ ಸಲ. ಮಡಿಕೇರಿಯ ಸುತ್ತಮುತ್ತ ಏಪ್ರಿಲ್ 22–23ರ ಹೊತ್ತಿಗೆ ಒಂದು ಸಲ, ಆಗಸ್ಟ್ 19–20ರ ಹೊತ್ತಿಗೆ ಇನ್ನೊಂದು ಸಲ. ಇದನ್ನು ಶೂನ್ಯ ನೆರಳಿನ ದಿನ ಅನ್ನುತ್ತಾರೆ. ಆಗಸ್ಟಿನದು ನಮಗೆ ಮೋಡದಲ್ಲೇ ಕಳೆದುಹೋಗುತ್ತದೆ, ಏಪ್ರಿಲಿನದು ಸಿಗುತ್ತದೆ. ಈ ಎರಡರ ನಡುವಿನ ದಿನಗಳಲ್ಲಿ ಮಧ್ಯಾಹ್ನದ ನೆರಳು ದಕ್ಷಿಣಕ್ಕೆ ಬೀಳುತ್ತದೆ. ಮೇ ತಿಂಗಳಲ್ಲಿ ಬಿಸಿಲಿದ್ದಾಗ ಮಗಳು ಇದನ್ನು ಪರೀಕ್ಷೆ ಮಾಡಲಿ. ಮತ್ತೆ, ಆ ಹೊತ್ತು ಗಡಿಯಾರದ 12 ಕೂಡ ಅಲ್ಲ. ನಮ್ಮ ದೇಶದ ಗಡಿಯಾರ 82.5 ಡಿಗ್ರಿ ರೇಖಾಂಶದ ಲೆಕ್ಕದ್ದು. ನಾವು ಅದಕ್ಕಿಂತ ಪಶ್ಚಿಮದಲ್ಲಿ ಇದ್ದೇವೆ. ಹಾಗಾಗಿ ಏಪ್ರಿಲಿನಲ್ಲಿ ಇಲ್ಲಿ ನಡುಮಧ್ಯಾಹ್ನ ಆಗುವುದು ಸುಮಾರು 12.25ಕ್ಕೆ. ಅಂಗಳದಲ್ಲಿ ಒಂದು ಕೋಲು ನೆಟ್ಟು, ಹತ್ತು ನಿಮಿಷಕ್ಕೊಮ್ಮೆ ನೆರಳಿನ ತುದಿಗೆ ಕಲ್ಲು ಇಟ್ಟರೆ ಮಕ್ಕಳೇ ಇದನ್ನು ಕಂಡುಹಿಡಿಯುತ್ತಾರೆ. ನಮ್ಮ ಕನ್ನಡದಲ್ಲಿ ‘ಹೊತ್ತು’ ಅಂದರೆ ಸಮಯವೂ ಹೌದು, ಸೂರ್ಯನೂ ಹೌದು. ಹೊತ್ತಾಯಿತು ಅನ್ನುತ್ತೇವೆ, ಹೊತ್ತು ಮುಳುಗಿತು ಅಂತಲೂ ಅನ್ನುತ್ತೇವೆ. ಕೋಲಿನ ನೆರಳು ನೋಡಿದ ಮಗುವಿಗೆ ಈ ಎರಡು ಅರ್ಥ ಯಾಕೆ ಒಂದಾದವು ಅಂತ ಹೇಳಿಕೊಡಬೇಕಾಗಿಲ್ಲ.

ಸೌರಮಂಡಲದ ಸೆಟ್ ಈಗ ಬೇಡ. ಅಂಥ ಮಾದರಿಗಳಲ್ಲಿ ಸೂರ್ಯ ಕಿತ್ತಳೆಯಷ್ಟು, ಭೂಮಿ ನೆಲ್ಲಿಕಾಯಿಯಷ್ಟು, ಎರಡರ ನಡುವೆ ಒಂದು ಗೇಣು. ಮಕ್ಕಳ ಮನಸ್ಸಿನಲ್ಲಿ ಆ ಅಳತೆಯೇ ಕೂತುಬಿಡುತ್ತದೆ. ಅದರ ಬದಲು ಮನೆಯ ಒಂದು ಕಾಳು ಕರಿಮೆಣಸು ತೆಗೆದುಕೊಳ್ಳಿ, ಅರ್ಧ ಸೆಂಟಿಮೀಟರ್ ಇರುವುದನ್ನು ಆರಿಸಿ. ಅದು ಭೂಮಿ. ಚಂದ್ರನಿಗೆ ಒಂದು ಸಾಸಿವೆ, ಮೆಣಸಿನಿಂದ 15 ಸೆಂಟಿಮೀಟರ್ ದೂರ, ಅಂದರೆ ಮಗುವಿನ ಒಂದು ಗೇಣು. ಸೂರ್ಯನಿಗೆ 55 ಸೆಂಟಿಮೀಟರ್ ಅಗಲದ ಬುಟ್ಟಿ ಬೇಕು. ಸೂರ್ಯನ ಅಡ್ಡಳತೆ ಭೂಮಿಯ 109 ಪಟ್ಟು. ಬುಟ್ಟಿಯನ್ನು ಎಲ್ಲಿ ಇಡಬೇಕು ಅಂತ ಮಕ್ಕಳನ್ನೇ ಕೇಳಿ. ಅಂಗಳದ ತುದಿ ಅನ್ನುತ್ತಾರೆ. ಇಲ್ಲ, ಸುಮಾರು 59 ಮೀಟರ್ ದೂರ, ಗೇಟಿನ ಆಚೆ. ನಿಜದ ದೂರ ಸುಮಾರು 15 ಕೋಟಿ ಕಿಲೋಮೀಟರ್. ಆಮೇಲೆ ಮಗ ಬೆಳಕಾಗಲಿ. ಬುಟ್ಟಿಯಿಂದ ಹೊರಟು ಮೆಣಸಿನ ಕಡೆಗೆ ನಡೆಯಲಿ, ಆದರೆ ಸೆಕೆಂಡಿಗೆ ಅಂಗೈ ಅಗಲಕ್ಕಿಂತ ಸ್ವಲ್ಪ ಜಾಸ್ತಿ ಮಾತ್ರ. ತಲುಪಲು 8 ನಿಮಿಷ 20 ಸೆಕೆಂಡ್ ಬೇಕು. ಬೆಳಕು ನಿಜವಾಗಿ ತೆಗೆದುಕೊಳ್ಳುವ ಹೊತ್ತು ಅಷ್ಟೇ. ಮಕ್ಕಳಿಗೆ ತಾಳ್ಮೆ ಇರುವುದಿಲ್ಲ, ಓಡುತ್ತಾರೆ. ಒಂದು ಸಲವಾದರೂ ಪೂರ್ತಿ ನಡೆಸಿ. ‘ಈಗ ನಿನ್ನ ಕೈ ಮೇಲೆ ಬಿದ್ದ ಬಿಸಿಲು, ನೀನು ಬುಟ್ಟಿಯ ಹತ್ತಿರ ಇದ್ದಾಗ ಹೊರಟಿದ್ದು’ ಅಂತ ಆಮೇಲೆ ಹೇಳಿ.

ಇದೇ ಅಳತೆಯಲ್ಲಿ ಇನ್ನೊಂದು ವಸ್ತು ಇಡಬಹುದು. ನಮ್ಮ ಇಸ್ರೋ 2023ರ ಸೆಪ್ಟೆಂಬರ್ 2ರಂದು ಸೂರ್ಯನನ್ನು ನೋಡುವ ನೌಕೆ ಆದಿತ್ಯ-ಎಲ್1 ಕಳುಹಿಸಿತು. 2024ರ ಜನವರಿ 6ರಂದು ಅದು ತನ್ನ ಜಾಗ ಸೇರಿತು. ಭೂಮಿಯಿಂದ 15 ಲಕ್ಷ ಕಿಲೋಮೀಟರ್ ದೂರ. ಮೆಣಸಿನಿಂದ ಎರಡೇ ಅಡಿ, ಅಲ್ಲಿ ಒಂದು ಉಪ್ಪಿನ ಹರಳು ಇಡಿ. ಅಲ್ಲಿ ಮೋಡ ಇಲ್ಲ, ರಾತ್ರಿಯೂ ಇಲ್ಲ. ಗಾಳಿಬೀಡಿನಲ್ಲಿ ಎರಡು ವಾರ ಸೂರ್ಯ ಕಾಣದಿದ್ದಾಗಲೂ ಆದಿತ್ಯ ಅವನನ್ನು ನೋಡುತ್ತಲೇ ಇತ್ತು. ಅದರ ಮುಖ್ಯ ಉಪಕರಣವನ್ನು ಮಾಡಿದ್ದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ. ‘ಯಾರು ನೋಡಿದ್ದಾರೆ’ ಅನ್ನುವುದಕ್ಕೆ ಇದೂ ಒಂದು ಉತ್ತರ.

ಮಗಳು ಖಂಡಿತ ಕೇಳುವ ಒಂದು ಪ್ರಶ್ನೆ ಇದೆ. ಬೆಟ್ಟದ ಮೇಲಿನ ಮಡಿಕೇರಿ ಸೂರ್ಯನಿಗೆ ಹತ್ತಿರ, ಹಾಗಾದರೆ ಮಂಗಳೂರಿಗಿಂತ ಬಿಸಿ ಇರಬೇಕಲ್ವಾ? ಮೆಣಸುಕಾಳು ತೋರಿಸಿ. ಕೊಡಗಿನ ಅತಿ ಎತ್ತರದ ಬೆಟ್ಟ ತಡಿಯಂಡಮೋಳ್ ಹತ್ತಿದರೂ 1,748 ಮೀಟರ್. 15 ಕೋಟಿ ಕಿಲೋಮೀಟರಿನ ಮುಂದೆ ಅದು ಲೆಕ್ಕಕ್ಕೇ ಇಲ್ಲ. ಬಿಸಿಲು ಮೊದಲು ನೆಲವನ್ನು ಕಾಯಿಸುತ್ತದೆ, ನೆಲ ಗಾಳಿಯನ್ನು ಕಾಯಿಸುತ್ತದೆ. ಮೇಲೆ ಹೋದ ಗಾಳಿ ಹಿಗ್ಗಿ ತಣ್ಣಗಾಗುತ್ತದೆ. ಇನ್ನೊಂದು ವಿಷಯ ಹೇಳಿದರೆ ಅವಳಿಗೆ ನಿಜಕ್ಕೂ ಆಶ್ಚರ್ಯವಾಗುತ್ತದೆ. ಭೂಮಿ ಸೂರ್ಯನಿಗೆ ಅತಿ ಹತ್ತಿರ ಇರುವುದು ಜನವರಿ ಮೊದಲ ವಾರದಲ್ಲಿ, ನಾವು ಸ್ವೆಟರ್ ಹಾಕಿಕೊಂಡು ನಡುಗುವಾಗ.

ಸೂರ್ಯ ಬೆಂಕಿಯಾ ಅಂತ ಕೇಳಿದರೆ, ಒಲೆಯ ಬೆಂಕಿಯಂಥದ್ದಲ್ಲ ಅನ್ನಿ. ಅಲ್ಲಿ ಸುಡಲು ಸೌದೆ ಇಲ್ಲ. ಅದೊಂದು ಬಿಸಿ ಅನಿಲದ ಉಂಡೆ. ಮೇಲ್ಮೈಯೇ ಸುಮಾರು 5,500 ಡಿಗ್ರಿ. ಒಳಗೆ ಹೈಡ್ರೋಜನ್ ಒತ್ತಡಕ್ಕೆ ಸಿಕ್ಕಿ ಹೀಲಿಯಂ ಆಗುತ್ತಾ ಬೆಳಕು ಬಿಡುತ್ತದೆ. ಹಳದಿಯೂ ಅಲ್ಲ, ಬಾಹ್ಯಾಕಾಶದಿಂದ ನೋಡಿದರೆ ಬಿಳಿ. ಸೆಪ್ಟೆಂಬರಿನ ಬಿಸಿಲುಮಳೆಯಲ್ಲಿ ಸೂರ್ಯನಿಗೆ ಬೆನ್ನು ಹಾಕಿ ನಿಂತರೆ ಆ ಬಿಳಿಯೊಳಗಿನ ಬಣ್ಣಗಳೆಲ್ಲ ಕಾಮನಬಿಲ್ಲಿನಲ್ಲಿ ಕಾಣುತ್ತವೆ.

ಅಜ್ಜಿ ಸೂರ್ಯನಿಗೆ ಕೈಮುಗಿದರೆ ಮುಗಿಯಲಿ, ಮಕ್ಕಳೂ ಮುಗಿಯಲಿ. ಇದಕ್ಕೂ ಅದಕ್ಕೂ ಜಗಳ ಇಲ್ಲ. ನಮ್ಮ ಹಿರಿಯರು ಸೂರ್ಯನನ್ನು ಲೆಕ್ಕ ಇಟ್ಟು ನೋಡಿದವರು. ಎಡಮ್ಯಾರ್ ತಿಂಗಳ ಒಂದನೇ ದಿನ ನಮ್ಮ ಕೊಡವ ಹೊಸ ವರ್ಷ, ಅದು ಸೂರ್ಯನ ಲೆಕ್ಕ. ತಲಕಾವೇರಿಯ ತುಲಾ ಸಂಕ್ರಮಣವೂ ಸೂರ್ಯನ ಲೆಕ್ಕವೇ. ತೀರ್ಥೋದ್ಭವದ ಹೊತ್ತು ಪ್ರತಿ ವರ್ಷ ಯಾಕೆ ಬದಲಾಗುತ್ತದೆ ಅಂತ ಮಗಳಿಗೆ ಒಗಟು ಕೊಡಿ. 2021ರಲ್ಲಿ ಮಧ್ಯಾಹ್ನ 1 ಗಂಟೆ ದಾಟಿತ್ತು. 2022ರಲ್ಲಿ ಸಂಜೆ 7 ದಾಟಿತ್ತು. 2023ರಲ್ಲಿ ನಡುರಾತ್ರಿ ಕಳೆದು 1 ದಾಟಿತ್ತು. 2024ರಲ್ಲಿ ಬೆಳಿಗ್ಗೆ ಏಳೂವರೆ ದಾಟಿತ್ತು. ಪ್ರತಿ ವರ್ಷವೂ ಸುಮಾರು 6 ಗಂಟೆ ಮುಂದೆ ಹೋಗಿದೆ. ಯಾಕೆಂದರೆ ಭೂಮಿ ಸೂರ್ಯನನ್ನು ಒಂದು ಸುತ್ತು ಹಾಕಲು 365 ದಿನ ಸಾಲದು, ಮೇಲೆ ಇನ್ನೂ 6 ಗಂಟೆ ಚಿಲ್ಲರೆ ಬೇಕು. ನಾಲ್ಕು ವರ್ಷಕ್ಕೆ ಆ ಚೂರುಗಳು ಸೇರಿ ಒಂದು ದಿನ ಆಗುತ್ತದೆ. ಫೆಬ್ರವರಿ 29 ಬರುವುದು ಹಾಗೆ. ತಲಕಾವೇರಿಯ ಕೊಳದ ಹತ್ತಿರ ಜನರ ನಡುವೆ ನಿಂತುಕೊಂಡು ಇದನ್ನು ಹೇಳಿದರೆ ಯಾವ ಮಗುವೂ ಮರೆಯುವುದಿಲ್ಲ.

ಮೈಗೆ ಬಿಸಿಲು ಬೇಕಾ ಅಂತ ನೀವು ಕೇಳಿಲ್ಲ, ಆದರೂ ಎರಡು ಮಾತು. ಚರ್ಮದಲ್ಲಿ ವಿಟಮಿನ್ ಡಿ ಆಗಲು ಬಿಸಿಲು ಬೇಕು, ಮೂಳೆ ಗಟ್ಟಿಯಾಗಲು ಅದು ಬೇಕು. ಕಿಟಕಿಯ ಗಾಜಿನೊಳಗಿನ ಬಿಸಿಲಿನಿಂದ ಅದು ಆಗುವುದಿಲ್ಲ. ನೆರಳು ನಮ್ಮ ಎತ್ತರಕ್ಕಿಂತ ಚಿಕ್ಕದಿರುವ ಹೊತ್ತಿನ ಬಿಸಿಲು ಇದಕ್ಕೆ ಜಾಸ್ತಿ ಉಪಯೋಗ. ಕೈಕಾಲಿಗೆ ಸ್ವಲ್ಪ ಹೊತ್ತು ಬಿದ್ದರೆ ಸಾಕು, ಮೈ ಕೆಂಪಾಗುವ ತನಕ ಬೇಡ. ನಮ್ಮಲ್ಲಿ ತಿಂಗಳುಗಟ್ಟಲೆ ಬಿಸಿಲೇ ಸಿಗುವುದಿಲ್ಲವಲ್ಲ, ಹಾಗಾಗಿ ಮಕ್ಕಳ ಡಾಕ್ಟರನ್ನು ಒಮ್ಮೆ ಕೇಳಿ. ನೀವಾಗಿಯೇ ಔಷಧಿ ಕೊಡಬೇಡಿ.

ಸದ್ಯಕ್ಕೆ ಜಗಲಿ, ಹೆಸರುಕಾಳು, ಕಿತ್ತಳೆ ಮತ್ತು ಟಾರ್ಚ್, ಇಷ್ಟೇ ಮಾಡಿ. ಎಲ್ಲವನ್ನೂ ಒಂದೇ ವಾರದಲ್ಲಿ ಮುಗಿಸಲು ಹೋಗಬೇಡಿ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಬಿಸಿಲು ಕಂಡ ದಿನಕ್ಕೆಲ್ಲ ಮಗ ಒಂದು ಸೊನ್ನೆ ಹಾಕಲಿ. ಕೈಲ್‌ಪೋಳ್ದ್ ಹಬ್ಬದ ಹೊತ್ತಿಗೆ ಎಷ್ಟಾಯಿತು, ಹುತ್ತರಿ ಹಬ್ಬದ ಹೊತ್ತಿಗೆ ಎಷ್ಟಾಯಿತು ಅಂತ ಎಣಿಸಲಿ. ಹೊಸ ವರ್ಷದ ಕ್ಯಾಲೆಂಡರ್ ಬಂದ ದಿನವೇ ಏಪ್ರಿಲ್ 22, 23ಕ್ಕೆ ಗುರುತು ಹಾಕಿಡಿ. ಅವತ್ತು ಮಧ್ಯಾಹ್ನ 12.15ಕ್ಕೆ ಮೂವರೂ ಅಂಗಳದಲ್ಲಿರಿ, ಒಂದು ಸ್ಟೀಲ್ ಲೋಟ ಬೋರಲು ಹಾಕಿ ನೆರಳು ನೋಡುತ್ತಾ ಕೂತಿರಿ. ನೆರಳು ಕಾಣದೇ ಹೋದಾಗ ಮಗ ಏನು ಕೇಳಿದ ಅಂತ ನನಗೆ ಬರೆಯಿರಿ. ಅವನ ಮಾತಿನಲ್ಲೇ ಬರೆಯಿರಿ.